ತನುಶ್ರೀ ಇವತ್ತೂ ಬರಲಿಲ್ಲ

ಮೈಸೂರು
16 ಜೂನ್ 2025

ಪ್ರೀತಿ ಅವರಿಗೆ ಸುಷ್ಮಿತಾ ಟೀಚರ್ ಮಾಡುವ ನಮಸ್ಕಾರ.

ಹೋದ ಶನಿವಾರ ನಿಮ್ಮನ್ನು ನೋಡಲೆಂದು ಜೈಲಿನ ಗೇಟಿನವರೆಗೂ ಬಂದಿದ್ದೆ. ಯಾರನ್ನೂ ನೋಡುವುದಿಲ್ಲ ಎಂದು ನೀವು ಒಳಗಿನಿಂದಲೇ ಹೇಳಿ ಕಳಿಸಿದಿರಂತೆ. ಅಲ್ಲಿದ್ದ ಮಹಿಳಾ ಸಿಬ್ಬಂದಿಯೊಬ್ಬರು, "ಕಾಗದ ಹಾಕಿ ಮೇಡಂ. ಬಂದೋರನ್ನ ನೋಡದೆ ಹೋದ್ರೂ ಬಂದ ಕಾಗದ ಓದೇ ಓದ್ತಾರೆ" ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ಶಾಲೆ ಶುರುವಾಗಿ ಎರಡು ವಾರವಾಯಿತು. ತನುಶ್ರೀ ಬರುತ್ತಿಲ್ಲ. ಹೋದ ವರ್ಷ ಆ ಅಪಘಾತವಾದ ಮೇಲೆ ಅವಳು ಒಂದು ದಿನ ಬಂದರೆ ಮೂರು ದಿನ ಇರುತ್ತಿರಲಿಲ್ಲ, ನಿಜ. ಆದರೆ ಆಗ ನೀವು ಜಾಮೀನಿನ ಮೇಲೆ ಮನೆಯಲ್ಲಿದ್ದಿರಿ. ಕೈ ಹಿಡಿದು ಗೇಟಿನ ತನಕ ಬಿಟ್ಟು, ಒಳಗೆ ಕಾಲಿಡದೆ ತಿರುಗಿ ಹೋಗುತ್ತಿದ್ದಿರಿ. ಮೇ ತಿಂಗಳಲ್ಲಿ ನಿಮಗೆ ಶಿಕ್ಷೆಯಾದ ಮೇಲೆ ಅದೂ ನಿಂತಿತು. ನಾಲ್ಕನೇ ತರಗತಿಯ ಹಾಜರಿಯಲ್ಲಿ ದಿನಾ ಅವಳ ಹೆಸರು ಕೂಗುತ್ತೇನೆ. "ತನುಶ್ರೀ ಇವತ್ತೂ ಬರಲಿಲ್ಲ ಮಿಸ್" ಎಂದು ಮಕ್ಕಳೆಲ್ಲ ಒಟ್ಟಿಗೆ ಹೇಳುತ್ತಾರೆ.

ಅಶೋಕಪುರಂನ ನಿಮ್ಮ ಮನೆಗೆ ಹೋಗಿದ್ದೆ. ನಿಮ್ಮ ತಾಯಿ ಬೋರಮ್ಮನವರು ಹೊಸ್ತಿಲಲ್ಲೇ ಕೂತು ಊದುಬತ್ತಿ ಹೊಸೆಯುತ್ತಿದ್ದರು. ಒಳಗೆ ಬನ್ನಿ ಎನ್ನಲಿಲ್ಲ. ತನು ಮಂಚದ ಆಚೆ, ಗೋಡೆಗೆ ಅಂಟಿಕೊಂಡು ಕೂತಿದ್ದಳು. "ಬಾ ಮರಿ, ಹೊಸ ಪುಸ್ತಕ ತಂದಿದೀನಿ" ಎಂದೆ. ಅವಳು ಅಲ್ಲಾಡಲಿಲ್ಲ. ಪುಸ್ತಕವನ್ನು ಹೊಸ್ತಿಲ ಮೇಲಿಟ್ಟು ಬಂದೆ.

ನಿಮ್ಮ ಮಾತೊಂದನ್ನು ಅವಳು ಕೇಳಿಯಾಳು. ದಯವಿಟ್ಟು ನಿಮ್ಮ ಕೈಯಾರೆ ಅವಳಿಗೆ ನಾಲ್ಕು ಸಾಲು ಬರೆಯಿರಿ. ಶಾಲೆಗೆ ಹೋಗು ಮಗಳೇ ಅಂತ ಅಷ್ಟು ಬರೆದರೂ ಸಾಕು.

ಇಂತಿ,
ಸುಷ್ಮಿತಾ

*

ಕೇಂದ್ರ ಕಾರಾಗೃಹ, ಮೈಸೂರು
2 ಜುಲೈ 2025

ಸುಷ್ಮಿತಾ ಮಿಸ್‌ಗೆ,

ನಿಮ್ಮ ಕಾಗದ ಬಂತು. ಸ್ಕೂಲಿನ ಸುದ್ದಿ ಬರೆದು ಇನ್ನೊಂದು ಕಾಗದ ಹಾಕಬೇಡಿ.

ಅವತ್ತು ಏನಾಯ್ತು ಅಂತ ಕೋರ್ಟಲ್ಲಿ ಹೇಳಿದೀನಿ, ನಿಮಗೂ ಗೊತ್ತು. ಗಂಡ ಹೋದ ಮೇಲೆ ಆಟೋ ಹಿಡಿದೆ. ನಮ್ಮ ಬೀದಿ ಮಕ್ಕಳನ್ನ ನಿಮ್ಮ ಸ್ಕೂಲಿಗೆ ಬಿಡೋ ಕೆಲಸ. ಪಕ್ಕದ ಕಂಬಿ ಮುರಿದಿತ್ತು, ಸರಿ ಮಾಡಿಸ್ದೆ ಹಗ್ಗ ಕಟ್ಟಿದ್ದೆ. ಮಳೆ ಸುರೀತಿತ್ತು. ಹಾಜರಿ ಕೂಗೋದ್ರೊಳಗೆ ಹೋಗ್ಬೇಕು ಅಂತ ಮಕ್ಕಳೆಲ್ಲ "ಬೇಗ ಆಂಟಿ, ಬೇಗ" ಅಂತಿದ್ವು. ಜೋರಾಗೇ ಓಡಿಸ್ದೆ. ತಿರುವಿನಲ್ಲಿ ಗಾಡಿ ಜಾರ್ತು. ಮಿಕ್ಕ ಮಕ್ಕಳಿಗೆ ತರಚು ಗಾಯ. ಯಶಸ್ ಆಚೆ ಬಿದ್ದ, ಮತ್ತೆ ಏಳಲಿಲ್ಲ. ಭಾನುಪ್ರಿಯಾಗೆ ಒಬ್ಬನೇ ಮಗ.

ಮಕ್ಕಳಿಗೆ ಯಾಕೆ ಅಷ್ಟು ಆತುರ ಇತ್ತು ಅಂತ ನಾನು ಹೇಳಬೇಕಾಗಿಲ್ಲ. ತಿಂಗಳು ಪೂರ್ತಿ ತಪ್ಪದೆ, ತಡ ಮಾಡದೆ ಬಂದೋರ ಹೆಸರಿನ ಮುಂದೆ ನೀವು ಗೋಡೆ ಮೇಲೆ ನಕ್ಷತ್ರ ಅಂಟಿಸ್ತಿದ್ರಿ. ನಿಮ್ಮ ಮೇಲೆ ತಪ್ಪು ಹೊರಿಸ್ತಿಲ್ಲ ಮಿಸ್. ಕಂಬಿ ನಂದು, ಹಗ್ಗ ನಂದು, ಹ್ಯಾಂಡಲ್ ಹಿಡಿದ ಕೈಯೂ ನಂದೇ. ಅದಕ್ಕೇ ಜಡ್ಜ್ ಕೇಳಿದಾಗ ಒಪ್ಕೊಂಡೆ.

ನನ್ನ ಮಗಳು ಮನೇಲಿ ಕೂತವ್ಳೆ. ಉಸಿರಾಡ್ತವ್ಳೆ. ನನಗೆ ಅಷ್ಟು ಸಾಕು. ಭಾನು ಇನ್ನೂ ನಿಮ್ಮ ಸ್ಕೂಲಲ್ಲೇ ಬಿಸಿಯೂಟ ಮಾಡ್ತಾಳೆ ಅಂತ ಕೇಳಿದೆ. ಅವಳ ಮುಂದೆ ನನ್ನ ಮಗಳು ದಿನಾ ತಟ್ಟೆ ಒಡ್ಡಿ ನಿಂತ್ಕೋಬೇಕಾ? ಇಬ್ಬರಲ್ಲಿ ಯಾರಿಗೆ ಶಿಕ್ಷೆ ಕೊಡೋಕೆ ಹೊರಟಿದೀರ ನೀವು?

ಬಿಟ್ಬಿಡಿ ಅವಳನ್ನ.

ಪ್ರೀತಿ

*

ಮೈಸೂರು
21 ಜುಲೈ 2025

ಪ್ರೀತಿ ಅವರಿಗೆ ನಮಸ್ಕಾರ.

ಬರೆಯಬೇಡಿ ಎಂದಿರಿ. ಬರೆಯದೆ ಇರಲು ಪ್ರಯತ್ನಪಟ್ಟೆ, ಆಗಲಿಲ್ಲ. ಬೈಯಬೇಕೆನಿಸಿದರೆ ಬೈದು ಬರೆಯಿರಿ, ಓದುತ್ತೇನೆ.

ನಕ್ಷತ್ರಗಳನ್ನು ಹೋದ ವರ್ಷವೇ ಕಿತ್ತು ಹಾಕಿದೆ. ಅಂಟು ಬಿಡದೆ ಸುಣ್ಣವೂ ಎದ್ದು ಬಂತು. ಮಳೆ ಇರಲಿ, ಚಳಿ ಇರಲಿ, ಮಕ್ಕಳನ್ನು ಒಂದು ದಿನವೂ ತಪ್ಪಿಸಬೇಡಿ ಎಂದು ನಿಮ್ಮ ಬೀದಿಯಲ್ಲಿ ಮನೆ ಮನೆ ತಿರುಗಿದವಳು ನಾನು. ಈಗ ಅದೇ ಬೀದಿಯಲ್ಲಿ ನನ್ನನ್ನು ಕಂಡರೆ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಆಟೋದಲ್ಲಿ ಬರುತ್ತಿದ್ದ ಮಕ್ಕಳಲ್ಲಿ ಅರ್ಧದಷ್ಟು ಜನ ಜೂನ್‌ನಲ್ಲಿ ಬರಲೇ ಇಲ್ಲ. "ಕಳಿಸಿದ್ದಕ್ಕೆ ಭಾನು ಏನು ಕಂಡಳು?" ಎಂದು ಒಬ್ಬರು ನನ್ನ ಮುಖಕ್ಕೇ ಕೇಳಿದರು.

ಈಗ ಬೆಳಿಗ್ಗೆ ರಾಮಕೃಷ್ಣನಗರದಿಂದ ಸ್ಕೂಟರ್‌ನಲ್ಲಿ ನಿಮ್ಮ ಬೀದಿಯ ತುದಿಗೆ ಬಂದು, ಗಾಡಿ ಅಲ್ಲೇ ನಿಲ್ಲಿಸಿ, ಮಕ್ಕಳನ್ನು ನಡೆಸಿಕೊಂಡೇ ಶಾಲೆಗೆ ಹೋಗುತ್ತೇನೆ. ತಡವಾದರೆ ಆಗಲಿ. ಮೊದಮೊದಲು ಇಬ್ಬರೇ ಇದ್ದರು. ಈಗ ದಾರಿಯುದ್ದಕ್ಕೂ ಗಲಾಟೆ. ನಿಮ್ಮ ಮನೆ ಮುಂದೆ ಬಂದಾಗ ಎಲ್ಲ ನಿಂತು "ತನೂ, ಬಾರೇ" ಎಂದು ಕೂಗುತ್ತಾರೆ. ಒಳಗಿನಿಂದ ಒಂದು ಕೈ ಬಂದು ಕಿಟಕಿ ಮುಚ್ಚುತ್ತದೆ.

ಭಾನುವಾರ ಬೋರಮ್ಮನವರು ಒಳಗೆ ಕರೆದರು. ತನುವಿನ ಕೈಗೆ ಪುಸ್ತಕ ಕೊಟ್ಟು ಒಂದು ಸಾಲು ಓದಿಸಿದೆ. ಮೂರನೇ ತರಗತಿಯಲ್ಲಿ ಇಡೀ ಪಾಠವನ್ನು ಒಂದೇ ಉಸಿರಿಗೆ ಓದಿ ಮುಗಿಸುತ್ತಿದ್ದವಳು, ಈಗ ಅಕ್ಷರಕ್ಕೆ ಅಕ್ಷರ ಕೂಡಿಸುತ್ತಾಳೆ. ಬೆರಳ ತುದಿಯಲ್ಲಿ ಊದುಬತ್ತಿಯ ಕರಿ. ಆ ಕರಿ ಪುಟದ ಮೇಲೆ ಉಳಿಯಿತು.

ಉಸಿರಾಡುತ್ತಿದ್ದಾಳೆ ಸಾಕು ಎಂದಿರಿ. ನಾನು ನೋಡಿದ್ದನ್ನು ನೀವು ನೋಡಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ಇಂತಿ,
ಸುಷ್ಮಿತಾ

*

ಅಶೋಕಪುರಂ
12 ಆಗಸ್ಟ್ 2025

ಪ್ರೀತಿಗೆ ಅವ್ವ ಬರೆಸೋದು. ಅಂಗನವಾಡಿ ಸುಮಿತ್ರಮ್ಮನ ಕೈಲಿ ಬರೆಸ್ತಾ ಇವ್ನಿ. ನಾನು ಎಂಗೆ ಯೋಳ್ತೀನೋ ಅಂಗೇ ಬರಿ ಅಂತ ಯೋಳಿವ್ನಿ.

ನಾನು ಚೆನ್ನಾಗಿವ್ನಿ. ಮಂಡಿ ನೋವು ಇದ್ದಿದ್ದೇ. ನೀನು ಅಲ್ಲಿ ಒತ್ತೊತ್ತಿಗೆ ಉಣ್ಣು ಮಗ. ಉಣ್ಣದೆ ಮಲಗ್ತೀಯ ಅಂತ ನನ್ನ ಒಟ್ಟೆಗೆ ಗೊತ್ತಾಯ್ತದೆ.

ಮಗೀ ಇಸ್ಯ. ಮಾತಾಡದು ಕಮ್ಮಿಯಾಗೋಯ್ತು ಕಣವ್ವ. ಏನ್ ಕೇಳಿದ್ರೂ ಊಂ ಅಂತದೆ, ಇಲ್ಲ ಉಊಂ ಅಂತದೆ. ಮಂಚದ ಅಂಚಿಗೆ ಮಲಗಕಿಲ್ಲ. ಗೋಡೆ ಕಡೀಕೇ ಮಲಗಬೇಕು, ನಾನು ಅಡ್ಡ ಮಲಗಬೇಕು. ಮೊನ್ನೆ ಸಂತೆಪೇಟೆಗೆ ಓಗವ ಅಂತ ಸಿಟಿ ಬಸ್ಸು ಅತ್ತಿಸಿದ್ರೆ ಮೈಯೆಲ್ಲ ನಡುಗಿ ವಾಂತಿ ಮಾಡ್ಬುಡ್ತು. ಇಳಿಸ್ಕೊಂಡು ನಡಕೊಂಡೇ ಬಂದೊ.

ನಂಜನಗೂಡಿಂದ ನಿನ್ನ ಚಿಕ್ಕವ್ವ ಸಿದ್ದಲಿಂಗಮ್ಮ ಬಂದಿದ್ಲು. ಅವಳ ಸೊಸೆಗೆ ಎಣ್ಣು ಮಗ ಆಗದೆ. ಸೊಸೆ ಗಾರ್ಮೆಂಟಿಗೆ ಓಗಬೇಕು, ಕೂಸು ಎತ್ತಕೆ ಒಂದು ಜನ ಬೇಕು, ತನೂನ ಕಳಿಸು ಅಂದ್ಲು. ಮೂರೊತ್ತು ಅನ್ನ ಆಕ್ತಾರೆ, ಬಟ್ಟೆ ಕೊಡಿಸ್ತಾರೆ. ಇಲ್ಲಿದ್ರೆ ಆಚೆ ಕಾಲಿಟ್ರೆ ಭಾನು ಮೊಕ, ಈಚೆ ಕಾಲಿಟ್ರೆ ಬೀದಿ ಜನದ ಬಾಯಿ. ದಸರಾ ಕಳೀಲಿ, ಕಳಿಸ್ತೀನಿ ಅಂದಿವ್ನಿ.

ಆ ಟೀಚರವ್ವ ಬತ್ತಾನೇ ಅವಳೆ. ಒಳ್ಳೇವಳು. ಆದ್ರೆ ಓದಿ ಏನಾಗಬೇಕು ಬುಡು ಮಗ. ಜೀವ ಒಂದು ಉಳಿದ್ರೆ ಸಾಕು.

ನಿನ್ನ ಅವ್ವ,
ಬೋರಮ್ಮ

*

ಕೇಂದ್ರ ಕಾರಾಗೃಹ, ಮೈಸೂರು
27 ಆಗಸ್ಟ್ 2025

ಮಿಸ್,

ಹೋದ ಸಲ ಬರೆದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ನಿಮ್ಮ ಕಾಲು ಹಿಡ್ಕೋತೀನಿ, ತನೂನ ನಂಜನಗೂಡಿಗೆ ಕಳಿಸೋಕೆ ಬಿಡಬೇಡಿ.

ಅವ್ವ ಕಾಗದ ಬರೆಸಿದ್ದಳು. ದಸರಾ ಆದಮೇಲೆ ನನ್ನ ಚಿಕ್ಕವ್ವನ ಮನೆಗೆ, ಕೂಸು ಎತ್ತೋಕೆ ಅಂತ ಕಳಿಸ್ತಾಳಂತೆ. ನಾನು ಐದನೇ ಕ್ಲಾಸಲ್ಲಿದ್ದಾಗ ನನ್ನನ್ನೂ ಹಿಂಗೇ ಕಳಿಸಿದ್ರು. ಲಷ್ಕರ್ ಮೊಹಲ್ಲಾದ ಒಂದು ಮನೆಗೆ, ಕೂಸು ನೋಡ್ಕೊಳ್ಳೋಕೆ. ದಸರಾ ಮುಗಿಯೋವರೆಗೆ ಅಷ್ಟೇ ಅಂದ್ರು. ಆ ಕೂಸು ನಡೆದಾಡೋ ಹೊತ್ತಿಗೆ ಇನ್ನೊಂದು ಹುಟ್ಟಿತು. ಬೆಳಿಗ್ಗೆ ಕಿಟಕೀಲಿ ನಿಂತು ಸ್ಕೂಲಿಗೆ ಹೋಗೋ ಹುಡುಗೀರ ಜಡೆ ನೋಡ್ತಿದ್ದೆ. ನನ್ನ ಬ್ಯಾಗು ಅವ್ವನ ಮನೇಲಿ ಮೊಳೆಗೆ ನೇತಾಡ್ತಿತ್ತು. ಕೊನೆಗೆ ಅದರಲ್ಲಿ ಈರುಳ್ಳಿ ತುಂಬಿಟ್ರು. ಅವ್ವನ್ನ ಬೈಯೋಕಾಗಲ್ಲ, ಅವಳಿಗೆ ಬೇರೆ ದಾರಿ ಇರಲಿಲ್ಲ.

ನನ್ನ ಮಗಳಿಗೆ ಹಂಗಾಗಬಾರದು ಅಂತಾನೇ ಆಟೋ ಹಿಡಿದಿದ್ದು. ದಿನಾ ನಾನೇ ಸ್ಕೂಲಿಗೆ ಬಿಟ್ಟು, ಗೇಟಿನೊಳಗೆ ಹೋಗೋದನ್ನ ನೋಡಿ ಆಮೇಲೆ ಬೇರೆ ಬಾಡಿಗೆಗೆ ಹೋಗ್ತಿದ್ದೆ. ಅದೇ ಆಟೋ ಹಿಂಗೆ ಮಾಡ್ತು.

ಇಲ್ಲಿ ಕೂತು ನಾನೇನು ಮಾಡಲಿ? ಯಾರ ಮನೆ ಬಾಗಿಲು ಬಡೀಲಿ? ತನೂಗೆ ಕಾಗದ ಬರೀರಿ ಅಂದ್ರಿ. ನಾಲ್ಕು ಸಲ ಬರೆದೆ, ನಾಲ್ಕೂ ಹರಿದೆ. ಸ್ಕೂಲಿಗೆ ಹೋಗು ಅಂತ ಯಾವ ಬಾಯಲ್ಲಿ ಹೇಳಲಿ? ಹೋಗೋಣ, ಆಟೋ ಹತ್ತು ಅಂತ ಅವತ್ತೂ ನಾನೇ ತಾನೆ ಹೇಳಿದ್ದು.

ಅವಳು ಯಾಕೆ ಬರ್ತಿಲ್ಲ ಅಂತ ಸರಿಯಾಗಿ ಕೇಳಿ ಮಿಸ್. ಭಯ ಅಂತ ಎಲ್ಲರೂ ಅಂತಾರೆ. ಭಯ ಇದ್ರೆ ನನ್ನ ಮಗಳು ಜೋರಾಗಿ ಅಳ್ತಾಳೆ. ಹಿಂಗೆ ಬಾಯಿ ಕಟ್ಕೊಂಡು ಕೂರೋಳಲ್ಲ. ಒಳಗೆ ಏನೋ ಇಟ್ಕೊಂಡವ್ಳೆ.

ಪ್ರೀತಿ

*

ಮೈಸೂರು
14 ಸೆಪ್ಟೆಂಬರ್ 2025

ಪ್ರೀತಿ ಅವರಿಗೆ,

ನೀವು ಹೇಳಿದ್ದು ನಿಜವಾಯಿತು. ಇದನ್ನು ಕೂತುಕೊಂಡು ಓದಿ. ಹತ್ತಿರ ಯಾರಾದರೂ ಇರಲಿ.

ನಿನ್ನೆ ಮಧ್ಯಾಹ್ನ ನಿಮ್ಮ ಮನೆಗೆ ಹೋದಾಗ ಬೋರಮ್ಮನವರು ರೇಷನ್ ತರಲು ಹೋಗಿದ್ದರು. ತನು ಒಬ್ಬಳೇ ಊದುಬತ್ತಿ ಹೊಸೆಯುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಒಂದು ಕಡ್ಡಿ ಹಿಡಿದೆ. ನನಗೆ ಬರಲಿಲ್ಲ. "ಹಂಗಲ್ಲ ಮಿಸ್" ಎಂದು ಕೈ ಹಿಡಿದು ತೋರಿಸಿಕೊಟ್ಟಳು. ಇಷ್ಟು ದಿನದಲ್ಲಿ ನನ್ನೊಡನೆ ಅವಳಾಗಿಯೇ ಆಡಿದ ಮೊದಲ ಮಾತು ಅದು. ಇನ್ನೊಂದು ಕಡ್ಡಿ ಹೊಸೆಯುತ್ತಾ ಕೇಳಿದಳು:

"ಮಿಸ್, ಯಶಸ್ ಹೆಸರು ಈಗಲೂ ಕೂಗ್ತೀರಾ?"

"ಇಲ್ಲ ಮರಿ."

"ಮತ್ತೆ ನನ್ನ ಹೆಸರು ಯಾಕೆ ಕೂಗ್ತೀರ?"

"ನೀನು ಇದೀಯಲ್ಲ ಪುಟ್ಟಿ. ಬರ್ತೀಯ ಅಂತ ಕೂಗ್ತೀನಿ."

ಅವಳು ಕಡ್ಡಿ ಕೆಳಗಿಟ್ಟಳು. "ಅಂಚಲ್ಲಿ ಕೂತಿದ್ದೋಳು ನಾನು ಮಿಸ್" ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. "ಇರಚಲು ಹೊಡೀತಿತ್ತು. ಹೊಸ ಯೂನಿಫಾರಂ ನೆಂದೋಯ್ತಿತ್ತು. ನೀನು ಈ ಕಡೆ ಬಾರೋ ಅಂತ ಯಶಸ್‌ನ ಕೇಳ್ದೆ. ಅವನು ಬಂದ. ನಾನು ಒಳಗಡೆ ಹೋದೆ. ಆಮೇಲೇ ಗಾಡಿ ಜಾರಿದ್ದು."

ಒಂದು ವರ್ಷದಿಂದ ಈ ಮಗು ಇದನ್ನು ಒಬ್ಬಳೇ ಹೊತ್ತುಕೊಂಡಿದ್ದಾಳೆ. "ಭಾನು ಆಂಟಿ ತಟ್ಟೆಗೆ ಅನ್ನ ಹಾಕೋವಾಗ ನನ್ನ ಮುಖ ನೋಡ್ತಾರೆ ಮಿಸ್. ಅವರಿಗೆ ಗೊತ್ತಾಗ್ಬುಡ್ತದೆ" ಎಂದಳು. ಅವಳು ಶಾಲೆ ಬಿಟ್ಟದ್ದು ಇದಕ್ಕೆ. ನಿಮಗೂ ಹೇಳಲಿಲ್ಲವಂತೆ. "ಅಮ್ಮ ಜೈಲಿಗೆ ಹೋಗಿದ್ದು ನಾನು ಮಾಡಿದ್ದಕ್ಕೆ" ಅಂತಲೂ ಅಂದಳು.

ನಿನ್ನ ತಪ್ಪಲ್ಲ ಎಂದು ನನಗೆ ಬಂದ ಮಾತಿನಲ್ಲೆಲ್ಲ ಹೇಳಿದೆ. ತಬ್ಬಿಕೊಂಡೆ. ಅವಳು ಸುಮ್ಮನೆ ತಬ್ಬಿಸಿಕೊಂಡು, "ನೀವು ಟೀಚರ್. ಹಂಗೇ ಹೇಳ್ತೀರ" ಎಂದಳು.

ನನ್ನ ಮಾತು ಅವಳ ಒಳಗೆ ಇಳಿಯಲಿಲ್ಲ. ನಿಮ್ಮದೂ ಇಳಿಯುತ್ತದೆಂಬ ನಂಬಿಕೆ ನನಗಿಲ್ಲ, ಕ್ಷಮಿಸಿ. ಆ ಮಾತನ್ನು ಹೇಳಬೇಕಾದವರು ಒಬ್ಬರೇ. ಅವರನ್ನು ಕೇಳಲು ನನಗೆ ಧೈರ್ಯವಿಲ್ಲ.

ಸುಷ್ಮಿತಾ

*

ಕೇಂದ್ರ ಕಾರಾಗೃಹ, ಮೈಸೂರು
25 ಸೆಪ್ಟೆಂಬರ್ 2025

ಭಾನು,

ಕವರ್ ಮೇಲೆ ನನ್ನ ಹೆಸರು ನೋಡಿದ್ರೆ ಒಲೆಗೆ ಹಾಕ್ತೀಯ ಅಂತ ಸುಷ್ಮಿತಾ ಮಿಸ್ ಕೈಲಿ ಕೊಟ್ಟು ಕಳಿಸ್ತಿದೀನಿ.

ಕ್ಷಮಿಸು ಅಂತ ಕೇಳೋಕೆ ಬರೀತಿಲ್ಲ. ಅದನ್ನ ಕೇಳೋ ಯೋಗ್ಯತೆ ನನಗಿಲ್ಲ. ಈ ಶಿಕ್ಷೆ ಮುಗಿದ್ರೂ ನನ್ನದು ಮುಗಿಯಲ್ಲ. ನೀನು ಅವತ್ತು ಆಸ್ಪತ್ರೆ ಬಾಗಿಲಲ್ಲಿ ನನಗೆ ಏನೇನು ಶಾಪ ಹಾಕಿದ್ಯೋ ಅದೆಲ್ಲ ನನಗೆ ತಗಲಲಿ, ಬೇಡ ಅನ್ನಲ್ಲ.

ಆದರೆ ತನೂಗೆ ಬೇಡ. ಅವತ್ತು ಮಳೆ ಇರಚಲು ಅಂತ ಅವಳು ಯಶಸ್‌ನ ಅಂಚಿಗೆ ಕರೆದು ತಾನು ಒಳಗೆ ಕೂತಳಂತೆ. ಅವನು ಹೋಗಿದ್ದು ತನ್ನಿಂದ ಅಂತ ಎಂಟು ವರ್ಷದ ಮಗು ಎದೇಲಿ ಇಟ್ಕೊಂಡಿತ್ತು. ಈಗ ಅವಳಿಗೆ ಒಂಬತ್ತು. ಸ್ಕೂಲು ಬಿಟ್ಟವ್ಳೆ. ನಿನ್ನ ಕೈ ಅನ್ನ ಉಣ್ಣೋಕೆ ಹೆದರಿಕೊಂಡು ಬಿಟ್ಟವ್ಳೆ. ದಸರಾ ಆದಮೇಲೆ ಕೂಸು ಎತ್ತೋಕೆ ನಂಜನಗೂಡಿಗೆ ಕಳಿಸ್ತಾರೆ. ಹೋದ್ರೆ ವಾಪಸ್ ಬರಲ್ಲ, ನನಗೆ ಗೊತ್ತು.

ಇದನ್ನ ಬರೆದು ನಿನಗೆ ಇನ್ನೊಂದು ಗಾಯ ಮಾಡ್ತಿದೀನಿ ಅಂತಲೂ ಗೊತ್ತು. ಅವನು ಹೆಂಗೆ ಅಂಚಿಗೆ ಬಂದ ಅಂತ ನಿನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯ್ತು. ನನ್ನನ್ನ ಎಷ್ಟು ಬೇಕಾದ್ರೂ ದ್ವೇಷ ಮಾಡು ಭಾನು. ಅವಳಿಗೆ ಮಾತ್ರ ಒಂದೇ ಒಂದು ಮಾತು ಹೇಳು. ನಿನ್ನದಲ್ಲ ಅಂತ. ಬೇರೆ ಯಾರು ಹೇಳಿದ್ರೂ ಅವಳು ನಂಬ್ತಿಲ್ಲ.

ಪ್ರೀತಿ

*

ಮೈಸೂರು
24 ಅಕ್ಟೋಬರ್ 2025

ಪ್ರೀತಿ ಅವರಿಗೆ,

ಒಳ್ಳೆಯ ಸುದ್ದಿ ಬರೆಯೋಣವೆಂದು ಇಷ್ಟು ದಿನ ಕಾದೆ. ಇಲ್ಲ.

ನಿಮ್ಮ ಕಾಗದವನ್ನು ಭಾನುಪ್ರಿಯಾ ಅವರ ಕೈಗೇ ಕೊಟ್ಟೆ. ಶಾಲೆಯ ಅಡುಗೆ ಕೋಣೆಯಲ್ಲಿ, ಮಕ್ಕಳ ಊಟವೆಲ್ಲ ಮುಗಿದ ಮೇಲೆ. ನಿಂತಲ್ಲೇ ಓದಿದರು. ಓದಿ ಮುಗಿಸಿ, ದೊಡ್ಡ ಪಾತ್ರೆಯನ್ನು ತಿಕ್ಕಲು ಶುರುಮಾಡಿದರು. ತಿಕ್ಕುತ್ತಲೇ ಇದ್ದರು. ನಾನು "ಭಾನುಪ್ರಿಯಾ" ಎಂದೆ.

"ಅವತ್ತು ಬೆಳಿಗ್ಗೆ ಮಳೆ ನೋಡಿ, ಇವತ್ತೊಂದಿನ ಬೇಡ ಕಣೋ ಅಂದೆ ಮಿಸ್" ಎಂದರು, ನನ್ನ ಕಡೆ ತಿರುಗದೆಯೇ. "ನನ್ನ ಸ್ಟಾರ್ ಹೋಗ್ತದೆ ಅಂತ ಅತ್ತ. ಕಳಿಸ್ದೆ. ಆಟೋ ಓಡಿಸಿದೋಳಿಗೆ ಜೈಲಾಯ್ತು. ಅತ್ತಿದ್ದಕ್ಕೆ ಕಳಿಸ್ದೋಳು ನಾನು ಇಲ್ಲಿ ಅನ್ನ ಬೇಯಿಸ್ತೀನಿ. ಸ್ಟಾರ್ ಕೊಟ್ಟೋರು ನೀವು ಪಾಠ ಮಾಡ್ತೀರ. ಈಗ ಆ ಮಗುಗೂ ಒಂದು ಪಾಲು ಬಂತಾ? ನಾನು ಏನಂತ ಹೇಳ್ಲಿ ಅವಳಿಗೆ? ಹೋಗಿ."

ನಾನು ಬಂದುಬಿಟ್ಟೆ. ಅಳುವುದಕ್ಕೂ ನನಗೆ ಅಲ್ಲಿ ಜಾಗವಿರಲಿಲ್ಲ.

ದಸರಾ ರಜೆಯಲ್ಲಿ ನಿಮ್ಮ ಚಿಕ್ಕಮ್ಮ ಬಂದು ತನುವನ್ನು ಕರೆದುಕೊಂಡು ಹೋದರು. ನನಗೆ ತಿಳಿದದ್ದು ಶಾಲೆ ಮತ್ತೆ ಶುರುವಾದ ದಿನ. ಮಕ್ಕಳು ನಿಮ್ಮ ಮನೆ ಮುಂದೆ ನಿಂತು ಎಂದಿನಂತೆ ಕೂಗಿದರು. ಕಿಟಕಿ ತೆರೆದೇ ಇತ್ತು. ಬೋರಮ್ಮನವರು ಹೊರಗೆ ಬಂದು, "ಕೂಗಬ್ಯಾಡಿ ಕಣ್ರಪ್ಪ. ಇಲ್ಲ ಅದು" ಎಂದರು. ಅವರ ಕಣ್ಣೂ ಬಾತುಕೊಂಡಿತ್ತು. ನಾನು ಮಕ್ಕಳನ್ನು ಕರೆದುಕೊಂಡು ಮುಂದೆ ನಡೆದೆ.

ನನ್ನಿಂದ ಆಗಲಿಲ್ಲ ಪ್ರೀತಿ.

ಸುಷ್ಮಿತಾ

*

ಕೇಂದ್ರ ಕಾರಾಗೃಹ, ಮೈಸೂರು
3 ನವೆಂಬರ್ 2025

ಮಿಸ್,

ಅವಳ ಹೆಸರು ಹಾಜರಿಯಿಂದ ತೆಗೀಬೇಡಿ.

ಮೇಲಿನೋರು ತೆಗೀರಿ ಅಂದ್ರೂ ತೆಗೀಬೇಡಿ. ದಿನಾ ಕೂಗಿ. ಯಾರೂ ಉತ್ತರ ಕೊಡದಿದ್ರೂ ಕೂಗಿ. ಇಲ್ಲಿ ಬೆಳಿಗ್ಗೆ ನಮ್ಮನ್ನ ನಿಲ್ಲಿಸಿ ಹೆಸರು ಕೂಗ್ತಾರೆ. ನನ್ನ ಹೆಸರು ಬಂದಾಗ ಇದೀನಿ ಅಂತೀನಿ, ಮನಸಲ್ಲಿ ಅವಳ ಹೆಸರೂ ಹೇಳ್ತೀನಿ. ಹುಚ್ಚಿ ಅಂತಾರೆ ಇಲ್ಲಿಯವರು. ಅನ್ಲಿ.

ನಾನು ಹೊರಗೆ ಬರೋದು ಮುಂದಿನ ವರ್ಷ. ಅಷ್ಟರಲ್ಲಿ ಅವಳು ಓದೋದನ್ನೇ ಮರೆತಿರ್ತಾಳೆ. ನನ್ನ ಕಣ್ಣೆದುರಿಗೆ ನಾನೇ ಇನ್ನೊಂದು ಸಲ ಬೆಳೀತಿದೀನಿ ಅನ್ನಿಸ್ತದೆ. ಗೋಡೆಗೆ ತಲೆ ಚಚ್ಕೊಂಡ್ರೂ ಆ ಕಡೆ ಕೇಳಿಸಲ್ಲ ಮಿಸ್.

ನಿಮ್ಮಿಂದ ಆಗಲಿಲ್ಲ ಅಂತ ಬರೀಬೇಡಿ. ನೀವೂ ಕೈ ಬಿಟ್ರೆ ನನಗೆ ಬೇರೆ ಯಾರೂ ಇಲ್ಲ.

ಪ್ರೀತಿ

*

ಅಶೋಕಪುರಂ, ಮೈಸೂರು
27 ನವೆಂಬರ್ 2025

ಅಮ್ಮಾ,

ನಾನು ತನು. ಮಿಸ್ ಬರೀ ಅಂದ್ರು. ತಪ್ಪು ಇದ್ರೆ ಬೈಬೇಡ. ನಾನು ಈಗ ನಮ್ಮ ಮನೇಲೇ ಇದೀನಿ. ಸ್ಕೂಲಿಗೆ ಹೋಗ್ತಿದೀನಿ.

ಸುಷ್ಮಿತಾ ಮಿಸ್ ಮತ್ತೆ ಭಾನು ಆಂಟಿ ನಂಜನಗೂಡಿಗೆ ರೈಲಲ್ಲಿ ಬಂದಿದ್ರು. ನಾನು ಕೂಸಿನ ಬಟ್ಟೆ ಒಗೀತಿದ್ದೆ. ಆಂಟೀನ ನೋಡಿ ಓಡೋಗಿ ನೀರಿನ ತೊಟ್ಟಿ ಹಿಂದೆ ಕೂತ್ಕೊಂಡೆ. ಮಿಸ್ ಕರೆದ್ರು, ನಾನು ಬರಲಿಲ್ಲ. ಆಮೇಲೆ ಆಂಟಿ ಒಬ್ಬರೇ ಬಂದು ನೆಲದ ಮೇಲೆ ಕೂತ್ಕೊಂಡ್ರು. ಅವರ ಸೀರೆ ಎಲ್ಲ ನೆಂದೋಯ್ತು.

ನಾನೇ ಹೇಳ್ಬಿಟ್ಟೆ ಅಮ್ಮ. ಯಶಸ್‌ನ ನಾನೇ ಅಂಚಿಗೆ ಕರೆದೆ ಅಂತ. ಅವರು ಬೈತಾರೆ ಅಂದ್ಕೊಂಡೆ. ಬೈಲಿಲ್ಲ. ಯಶಸ್‌ಗೆ ಅಂಚೇ ಇಷ್ಟವಂತೆ. ಮಳೇಲಿ ಕೈ ಆಚೆ ಹಾಕೋಕೆ ಆಸೆಯಂತೆ. ದಿನಾ ಮನೇಲಿ, ತನು ನಂಗೆ ಅಂಚು ಬಿಟ್ಕೊಡಲ್ಲ ಅಂತ ಹೇಳ್ತಿದ್ದನಂತೆ. "ನೀನು ಕರೀದಿದ್ರೂ ಅವನೇ ಜಗಳ ಮಾಡಿ ಅಲ್ಲೇ ಕೂರ್ತಿದ್ದ ಕಣೆ" ಅಂದ್ರು. ನಿಜವಾಗ್ಲೂನಾ ಆಂಟಿ ಅಂತ ಕೇಳ್ದೆ. "ನನ್ನ ಮಗ. ನಂಗೆ ಗೊತ್ತಿರಲ್ವಾ?" ಅಂದ್ರು. ಆಮೇಲೆ ನಾನು ಅತ್ತೆ. ತುಂಬಾ ಅತ್ತೆ. ಸಿದ್ದಲಿಂಗಮ್ಮಜ್ಜಿ ಕಳಿಸಲ್ಲ ಅಂದ್ರು. ಆಂಟಿ ಜೋರು ಜಗಳ ಮಾಡಿದ್ರು. ಬಸ್ಸು ಬೇಡ ಅಂತ ರೈಲಲ್ಲೇ ಕರ್ಕೊಂಡು ಬಂದ್ರು. ನಾನು ಮಧ್ಯದಲ್ಲಿ ಕೂತಿದ್ದೆ.

ಮೊದಲನೇ ದಿನ ಮಿಸ್ ಹೆಸರು ಕೂಗಿದಾಗ ಪ್ರೆಸೆಂಟ್ ಅನ್ನೋಕೆ ನಂಗೆ ಧ್ವನಿ ಬರಲಿಲ್ಲ. ಎಲ್ಲರೂ ತಿರುಗಿ ನೋಡಿದ್ರು. ಮಿಸ್ ಇನ್ನೊಂದು ಸಲ ಕೂಗಿದ್ರು. ಆಗ ಅಂದೆ. ಮಗ್ಗಿ ಮರೆತೋಗಿದೆ. ಊಟ ಮನೆಯಿಂದ ಡಬ್ಬೀಲಿ ತಗೊಂಡು ಹೋಗ್ತೀನಿ. ಆಂಟಿ ಹತ್ರ ಇನ್ನೂ ತಟ್ಟೆ ಹಿಡಿದಿಲ್ಲ.

ನೀನು ಯಾವಾಗ ಬರ್ತೀಯ?

ನಿನ್ನ ಮಗಳು,
ತನುಶ್ರೀ ವಿ.
ನಾಲ್ಕನೇ ತರಗತಿ

*

ಮೈಸೂರು
13 ಡಿಸೆಂಬರ್ 2025

ಪ್ರೀತಿ,

ನಿನ್ನ ಎರಡನೇ ಕಾಗದ ಬಂತು. ನಿನ್ನ ಕಾಲಿಗೆ ಬೀಳ್ತೀನಿ, ದೇವರು ನೀನು ಅಂತೆಲ್ಲ ಬರೆದಿದೀಯ. ಇನ್ನು ಬರೀಬೇಡ. ನಾನು ದೇವರಲ್ಲ. ನಿನ್ನನ್ನ ಕ್ಷಮಿಸಿಯೂ ಇಲ್ಲ. ನೀನು ಹೊರಗೆ ಬಂದಮೇಲೆ ದಾರೀಲಿ ಎದುರಾದ್ರೆ ನಾನು ಆ ಕಡೆ ಹೋಗ್ತೀನಿ. ಮಾತಾಡಿಸೋಕೆ ಬರಬೇಡ.

ಆದರೆ ಒಂದು ವಿಷಯ ನಿನಗೆ ಗೊತ್ತಿರಬೇಕು. ಬೇರೆ ಯಾರಿಗೂ ಹೇಳಿಲ್ಲ, ಮಿಸ್‌ಗೂ ಹೇಳಿಲ್ಲ.

ನಾನು ನಿನ್ನ ಮಗಳಿಗೆ ಹೇಳಿದ್ದು ಸುಳ್ಳು. ಯಶಸ್‌ಗೆ ಅಂಚು ಅಂದ್ರೆ ಭಯ. ಮೆಟ್ಟಿಲು ಇಳಿಯೋವಾಗಲೂ ಗೋಡೆ ಸವರಿಕೊಂಡೇ ಇಳೀತಿದ್ದ. ಆಟೋದಲ್ಲಿ ಒಳಗೇ ಕೂತ್ಕೋ ಅಂತ ನಾನೂ ದಿನಾ ಹೇಳಿ ಕಳಿಸ್ತಿದ್ದೆ. ಅವತ್ತು ಅವನು ಅಂಚಿಗೆ ಹೋಗಿದ್ದು ತನು ಕರೆದ್ಲು ಅಂತ. ಅವಳು ಅಂದ್ರೆ ಅವನಿಗೆ ಅಷ್ಟು. ತನು ನಂಗೆ ಪೆನ್ಸಿಲ್ ಕೊಟ್ಲು, ತನು ನಂಗೆ ಲೆಕ್ಕ ಹೇಳ್ಕೊಟ್ಲು, ಮನೆಗೆ ಬಂದ್ರೆ ಅದೇ ಮಾತು.

ನಿನ್ನ ಕಾಗದ ಓದಿದ ದಿನ ನನಗೆ ಅವಳ ಮೇಲೆ ಎಷ್ಟು ಸಿಟ್ಟು ಬಂತು ಅಂದ್ರೆ, ಅವಳು ಸಿಕ್ಕಿದ್ರೆ ಏನು ಮಾಡ್ತಿದ್ದೆನೋ. ಒಂದು ತಿಂಗಳು ಹಂಗೇ ಇದ್ದೆ. ಹಾಜರಿ ಕೂಗೋದು ನಮ್ಮ ಅಡುಗೆ ಕೋಣೆಗೆ ಕೇಳಿಸ್ತದೆ. ಮಿಸ್ ದಿನಾ ತನುಶ್ರೀ ಅಂತ ಕೂಗೋರು, ಮಕ್ಕಳು ಇವತ್ತೂ ಬರಲಿಲ್ಲ ಅನ್ನೋವು. ಕೇಳಿ ಕೇಳಿ ಒಂದಿನ ನನಗೆ ತಡೆಯೋಕಾಗಲಿಲ್ಲ. ನನ್ನ ಮಗ ಇನ್ನು ಯಾವತ್ತೂ ಆ ಕ್ಲಾಸಿಗೆ ಬರಲ್ಲ. ಸರಿ. ಅವನಿಂದಾಗಿ ಇನ್ನೊಂದು ಮಗುವೂ ಬರಲ್ಲ ಅಂದ್ರೆ, ಅವನ ಹೆಸರಿಗೆ ಅದು ಅಂಟಿಕೊಳ್ತದೆ. ನನ್ನ ಮಗನ ಹೆಸರಿಗೆ ಅದು ಬೇಡ. ಮಿಸ್ ಹತ್ರ ಹೋಗಿ, ಭಾನುವಾರ ನಂಜನಗೂಡಿಗೆ ಹೋಗೋಣ ಬನ್ನಿ ಅಂದೆ.

ತೊಟ್ಟಿ ಹಿಂದೆ ಕೂತಿದ್ಲಲ್ಲ, ಆಗ ಅವಳ ಕೈ ನೋಡಿದೆ. ಸೋಪಿಗೆ ಬೆರಳೆಲ್ಲ ಸುಲಿದಿದ್ವು. ನಿಜ ಹೇಳೋಕೆ ಅಂತಾನೇ ಹೋಗಿದ್ದೆ. ನೀನು ಕರೆದೆ, ಅವನು ಬಂದ, ಅದು ತಪ್ಪಲ್ಲ ಅಂತ ಹೇಳೋಣ ಅಂತ. ಬಾಯಿ ತೆಗೆದರೆ ಇದು ಬಂತು.

ನನ್ನ ಮಗ ಇದ್ದಷ್ಟು ದಿನ ಅವನ ಬಗ್ಗೆ ನಾನು ಒಂದು ಸುಳ್ಳೂ ಹೇಳಿರಲಿಲ್ಲ. ಈಗ ಅವನನ್ನ ಹೆದರದ ಹುಡುಗ ಮಾಡಿಬಿಟ್ಟಿದೀನಿ. ನೀನು ಬಂದಮೇಲೂ ಅವಳಿಗೆ ಇದನ್ನ ಹೇಳಬೇಡ. ಅವಳು ದೊಡ್ಡವಳಾಗಿ ಕೇಳಿದ್ರೂ ಹೇಳಬೇಡ. ಇದೊಂದು ನೀನು ನನಗೆ ಮಾಡು.

ಸೋಮವಾರ ಹಾಜರಿಯಲ್ಲಿ ಅವಳ ಧ್ವನಿ ಕೇಳಲಿಲ್ಲ. ಒಲೆ ಸಣ್ಣ ಮಾಡಿ ಓಡಿದೆ. ನಿಮ್ಮ ಮನೆ ಬಾಗಿಲಿಗೆ ಹೋಗಿದ್ದು ಅಪಘಾತ ಆದಮೇಲೆ ಅದೇ ಮೊದಲು. ಜ್ವರ ಅಂತ ಮಲಗಿದ್ಲು, ಬೇರೇನಿಲ್ಲ. ನಿಮ್ಮವ್ವ ನನ್ನ ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತ್ರು. ವಾಪಸ್ ಬಂದು ಮಕ್ಕಳಿಗೆ ಬಡಿಸಿದೆ.

ನಿನ್ನೆ ಡಬ್ಬಿ ಇಲ್ಲದೆ ಬಂದಿದ್ಲು. ಸಾಲಿನಲ್ಲಿ ಕೊನೆಗೆ ನಿಂತಿದ್ಲು. ಅವಳ ಸರದಿ ಬಂದಾಗ ತಟ್ಟೆ ಒಡ್ಡಿದ್ಲು. ಅನ್ನ ಹಾಕಿದೆ, ಸಾರು ಬಿಟ್ಟೆ. ಮುಖ ನೋಡಲಿಲ್ಲ, ತಟ್ಟೆ ನೋಡ್ಕೊಂಡೇ ಹಾಕಿದೆ. ಹೋಗಿ ಗೋಡೆ ಪಕ್ಕ ಕೂತು ಉಂಡ್ಲು. ಆಮೇಲೆ ಮತ್ತೆ ಬಂದು, "ಆಂಟಿ, ಇನ್ನೊಂಚೂರು" ಅಂದ್ಲು.

ಹಾಕಿದೆ.

ಭಾನುಪ್ರಿಯಾ
ಯಶಸ್ ತಾಯಿ